ಮೋರಿಕಟ್ಟೆಯ ಮೇಲೆ ಮಸಾಲೆ ದೋಸೆ

ಹೋಟೆಲಿನ ಗಲ್ಲೆಯ ಮೇಲಿಟ್ಟ ಬಡೇಸೋಪಿನ ತಟ್ಟೆ ಕಣ್ಣಿಗೆ ಕಾಣದಷ್ಟು ನಾನು ಚಿಕ್ಕವನಿದ್ದಾಗ, ಶಿರಸಿಯಲ್ಲಿ ಪಾರ್ಸೆಲ್ ಎಂದರೆ ಅರ್ಧ ಕೆಲಸ ಹೋಟೆಲಿನವರದು, ಅರ್ಧ ಕೆಲಸ ನಮ್ಮದು. ದೋಸೆಯನ್ನು ಅವರು ಕಟ್ಟಿಕೊಡುತ್ತಿದ್ದರು. ಸಾಂಬಾರಿಗೆ ಪಾತ್ರೆಯನ್ನು ನಾವೇ ಮನೆಯಿಂದ ಒಯ್ಯಬೇಕಿತ್ತು. ಅಂಥ ಒಂದು ಪಾತ್ರೆಯ ಕಥೆಯನ್ನು ಇವತ್ತು ನಿಮಗೆ ಹೇಳಲೇಬೇಕಾಗಿದೆ. ಖುಷಿಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಿನ್ನೆ ಸಂಜೆ ನೀವು ಮಾಡಿದ ಘನಕಾರ್ಯಕ್ಕಾಗಿ ಹೇಳುತ್ತಿದ್ದೇನೆ.

ನಿನ್ನೆ ಏನಾಯಿತು ಎಂಬುದನ್ನು ನೀವು ಆಗಲೇ ಮರೆತಿದ್ದೀರಿ. ನನಗೆ ಮರೆಯಲು ಆಗುತ್ತಿಲ್ಲ. ಪಿಜ್ಜಾ ತಂದವನು ಬೈಕನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿ ಫೋನ್ ಮಾಡಿದ. ಇಸಳೂರಿನ ನಮ್ಮ ಗೇಟಿನ ಮುಂದೆ ಎಂಥ ರಸ್ತೆ ಇದೆ ಎಂಬುದು ನಿಮಗೆ ಗೊತ್ತು. ಆದರೂ ಇಬ್ಬರೂ ಚಪ್ಪಲಿಯನ್ನೂ ಮೆಟ್ಟದೆ ಓಡಿದಿರಿ. ದೊಡ್ಡವನು ಡಬ್ಬಿ ಹಿಡಿದುಕೊಂಡು ಈಚೆ ಬಂದ. ಚಿಕ್ಕವಳು ಅವನ ಹಿಂದೆ ಬಂದಳು. ರಸ್ತೆಯ ನಡುವೆ ಡಬ್ಬಿಯ ಮೇಲಿಂದ ಖಾರದ ಪುಡಿಯ ಪುಟ್ಟ ಪೊಟ್ಟಣವೊಂದು ಜಾರಿ ಬಿತ್ತು. ಬೆರಳಿನಷ್ಟು ಉದ್ದದ ಪೊಟ್ಟಣ! ಗೇಟು ಮುಟ್ಟಿದ್ದ ಚಿಕ್ಕವಳು ಅದಕ್ಕಾಗಿ ತಿರುಗಿ ಓಡಿದಳು. ದಾಸನಕೊಪ್ಪದ ಕಡೆಗೆ ಜಲ್ಲಿ ಒಯ್ಯುವ ಟಿಪ್ಪರು ಆಗಲೇ ಬರಬೇಕೆ? ಹಾರ್ನು, ಬ್ರೇಕಿನ ಕಿರುಚಾಟ, ಧೂಳು. ಧೂಳು ಇಳಿದಾಗ ಅವಳು ಆಚೆ ಬದಿಯಲ್ಲಿ ನಿಂತು ಪೊಟ್ಟಣವನ್ನು ಎತ್ತಿ ತೋರಿಸುತ್ತ ನಗುತ್ತಿದ್ದಳು. ನಾನು ಕೂಗಾಡಿದೆ. "ಏನೂ ಆಗ್ಲೇ ಇಲ್ವಲ್ಲ ಅಜ್ಜಾ, ಯಾಕೆ ಕೂಗ್ತೀಯ?" ಎಂದಿರಿ ನೀವು. ಏನೂ ಆಗಲಿಲ್ಲ ಎಂಬ ಈ ಧೈರ್ಯವನ್ನು ನಾನು ಹಿಂದೊಮ್ಮೆ ನೋಡಿದ್ದೇನೆ.

ಆಗ ನಾವು ಯಲ್ಲಾಪುರ ರಸ್ತೆಯ ಏರನ್ನು ಹತ್ತಿದ ಮೇಲೆ ಸಿಗುವ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಕನ್ನಡ ಶಾಲೆಯ ಮಾಸ್ತರು. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಎರಡು ಜಡೆ ಹಾಕಿಕೊಂಡು ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಈ ಕಥೆ ನಡೆದ ದಿನ ಅಮ್ಮ ತವರಿಗೆ ಹೋಗಿದ್ದಳು. ತಾನು ಇದ್ದಿದ್ದರೆ ಇದು ಯಾವುದೂ ಆಗುತ್ತಲೇ ಇರಲಿಲ್ಲ ಎಂದು ಅವಳು ಬದುಕಿದ್ದ ತನಕ ಹೇಳುತ್ತಿದ್ದಳು. ಅದು ನಿಜವೇ ಇರಬೇಕು. ಮನೆಯಲ್ಲಿ ಉಳಿದವಳು ಅಜ್ಜಿ, ಅಂದರೆ ಅಪ್ಪನ ತಾಯಿ; ಅಪ್ಪ ಅವಳನ್ನು ಆಯಿ ಎನ್ನುತ್ತಿದ್ದ. ಕಾನೂನು ಪೂರ್ತಿ ಅವಳದೇ.

ಅಜ್ಜಿಯ ಕಾನೂನುಗಳಲ್ಲಿ ಮೊದಲನೆಯದು, ಹೋಟೆಲಿನ ತಿಂಡಿ ಮನೆಯ ಹೊಸಿಲು ದಾಟಕೂಡದು. ಅದನ್ನು ಯಾರು ಬೇಯಿಸಿದರೋ, ಸ್ನಾನ ಮಾಡಿದ್ದರೋ ಇಲ್ಲವೋ, ನೀರುಳ್ಳಿ ಹಾಕಿದ್ದಾರೋ ಏನೋ ಎಂಬುದು ಅವಳ ತಕರಾರು. ಹಾಗಾದರೆ ಹೋಟೆಲಿನಲ್ಲೇ ಕೂತು ತಿಂದು ಬರಬಹುದಿತ್ತಲ್ಲ ಎನ್ನುತ್ತೀರಿ. ಅದೂ ಸಾಧ್ಯವಿರಲಿಲ್ಲ. ಹೆಣ್ಣುಮಕ್ಕಳು ಹೋಟೆಲಿನ ಬೆಂಚಿನ ಮೇಲೆ ಕೂತು ತಿನ್ನುವ ರೂಢಿ ಆಗ ನಮ್ಮ ಕಡೆ ಇರಲಿಲ್ಲ. ಅಪ್ಪ ಕೂತರೆ, ಅವನು ಕೈ ತೊಳೆಯುವುದರೊಳಗೆ "ಮಾಸ್ತರ್ರು ಹೋಟ್ಲಲ್ಲಿ ಕೂತಿದ್ರು" ಎಂಬ ಸುದ್ದಿ ಏರು ಹತ್ತಿ ಅಜ್ಜಿಯ ಕಿವಿ ಸೇರುತ್ತಿತ್ತು. ಮನೆಯ ಒಳಗೂ ಇಲ್ಲ, ಹೋಟೆಲಿನ ಒಳಗೂ ಇಲ್ಲ. ಉಳಿದದ್ದು ರಸ್ತೆ. ಬುದ್ಧಿವಂತನಾದ ನಮ್ಮ ಅಪ್ಪ ರಸ್ತೆಯನ್ನು ಆರಿಸಿಕೊಂಡ.

ಏರು ಶುರುವಾಗುವ ಜಾಗದಲ್ಲಿ, ರಸ್ತೆ ತಿರುಗುವ ಕಡೆ, ಹಳ್ಳದ ನೀರು ರಸ್ತೆಯಡಿಯಲ್ಲಿ ಹಾಯಲು ಕಟ್ಟಿದ ಒಂದು ಮೋರಿ ಇತ್ತು. ಅದರ ಪಕ್ಕಕ್ಕೆ ಕಲ್ಲಿನಲ್ಲಿ ಕಟ್ಟಿದ ಗಿಡ್ಡ ಕಟ್ಟೆ. ಕಟ್ಟೆಯ ಆಚೆ ಇಳುಕಲು, ಅದರ ಕೆಳಗೆ ಗದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅಪ್ಪ, ಅಕ್ಕ, ನಾನು ದೋಸೆ ಕಟ್ಟಿಸಿಕೊಂಡು ಬಂದು ಆ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದೆವು. ತಿಂದು, ಮೋರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಏನೂ ಗೊತ್ತಿಲ್ಲದವರ ಹಾಗೆ ಮನೆಗೆ ಹೋಗುವುದು. ಸಾಂಬಾರು ತರಲೆಂದೇ ಒಂದು ಅಲ್ಯೂಮಿನಿಯಂ ಪಾತ್ರೆ ಇತ್ತು. ಅದು ಒಳಗೆ ಬರುವಂತಿಲ್ಲ. ಬಚ್ಚಲಮನೆಯ ಹೊರಗೋಡೆಯ ಮೊಳೆಗೆ ಅದರ ವಾಸ. ಅದನ್ನು ಅಜ್ಜಿ ನೋಡುತ್ತಿದ್ದಳು, ಆದರೆ ಕೇಳುತ್ತಿರಲಿಲ್ಲ. ಮೋರಿಕಟ್ಟೆಯ ವಿಷಯವೂ ಅವಳಿಗೆ ಗೊತ್ತಿತ್ತು ಎಂದೇ ನನಗೆ ಈಗ ಅನಿಸುತ್ತದೆ. ಹೊಸಿಲು ದಾಟದಿದ್ದರೆ ಸರಿ.

ಹೋಟೆಲಿಗೆ ಬೋರ್ಡು ಇರಲಿಲ್ಲ. ಮುಂದೆ ಬಾವಿ ಇದ್ದದ್ದರಿಂದ ಎಲ್ಲರೂ ಬಾವಿ ಹೋಟೆಲು ಎನ್ನುತ್ತಿದ್ದರು. ಒಳಗೆ ಕಾಲಿಟ್ಟರೆ ಮೊದಲು ಹೊಗೆ, ಆಮೇಲೆ ಕತ್ತಲೆ, ಆಮೇಲೆ ಇಂಗಿನ ಒಗ್ಗರಣೆಯ ವಾಸನೆ. ಹೋಟೆಲು ನಡೆಸುವ ಭಟ್ಟರು ಕಾವಲಿಗೆ ನೀರು ಚಿಮುಕಿಸಿದರೆ ಚುಂಯ್ ಎಂಬ ಸದ್ದು ಬಾವಿಕಟ್ಟೆಯ ತನಕ ಕೇಳುತ್ತಿತ್ತು. ದೋಸೆಯ ಅಂಚು ಕೆಂಪಾಗಿ ತಾನಾಗಿ ಮೇಲೇಳುವಾಗ ಅವರು ನಡುವೆ ಬಟಾಟೆ ಪಲ್ಯ ಇಟ್ಟು ಮಡಚುತ್ತಿದ್ದರು. ಬಾಡಿಸಿದ ಬಾಳೆಲೆ, ಅದರ ಮೇಲೆ ಹಳೆಯ ಪೇಪರು, ಅದರ ಮೇಲೆ ಒಣಗಿದ ಬಾಳೆನಾರು. ಕೊನೆಗೆ ನಾರಿನಿಂದ ಬೆರಳಿಗೆ ಸಿಕ್ಕಿಸಿಕೊಳ್ಳಲು ಒಂದು ಕುಣಿಕೆ. ಆ ಪೊಟ್ಟಣ ಬಿಚ್ಚಿದಾಗ ಬರುತ್ತಿದ್ದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನಿಮ್ಮ ರಟ್ಟಿನ ಡಬ್ಬಿ ತೆರೆದರೆ ಮೊದಲು ಬರುವುದು ರಟ್ಟಿನ ವಾಸನೆ. ಇರಲಿ, ಅದರ ಜಗಳ ಆಮೇಲೆ.

ಪಾತ್ರೆ ತರದೆ ಬಂದವರನ್ನು ಭಟ್ಟರು ಬಿಡದೆ ಛೇಡಿಸುತ್ತಿದ್ದರು. "ಸಾಂಬಾರು ಎಂತದ್ರಲ್ಲಿ ಒಯ್ತೆ ಮಾರಾಯಾ? ಕಿಸೆಲಿ ಹೊಯ್ಯಲಾ?" ಬೆಂಚಿನ ಮೇಲಿದ್ದವರೆಲ್ಲ ನಗುವರು. ಅಪ್ಪನಿಗೆ ಹಾಗೆ ನಗಿಸಿಕೊಳ್ಳುವುದೆಂದರೆ ಆಗದು.

ಆ ಶನಿವಾರ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಗದ್ದೆ ಕೊಯ್ದು ಆಗಿತ್ತು, ಬರೀ ಕೂಳೆ ಉಳಿದಿತ್ತು. ಪಾತ್ರೆ ತೆಗೆದುಕೊಂಡು ಹೋಟೆಲಿಗೇ ಬರಬೇಕೆಂದು ಅಪ್ಪ ಅಕ್ಕನಿಗೆ ಹೇಳಿದ್ದ. ಅಕ್ಕ ಮೊಳೆಯಿಂದ ಅಲ್ಯೂಮಿನಿಯಂ ಪಾತ್ರೆ ಇಳಿಸಿ ಬೆಳಕಿಗೆ ಹಿಡಿದಳು. ತಳದಲ್ಲಿ ಸೂರ್ಯ ಕಂಡ.

"ತಮಾ, ಇದು ತೂತಾಗೋಜು" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅವತ್ತು ಸಾಂಬಾರು ಇಲ್ಲ ಎಂದುಕೊಳ್ಳುತ್ತಿದ್ದರು. ಅಕ್ಕ ಹಾಗಲ್ಲ. ಒಳಗೆ ಹೋದವಳು ಲಂಗದ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಬಂದಳು. ನೋಡಿದರೆ ಅಜ್ಜಿಯ ಹಿತ್ತಾಳೆ ಪಾತ್ರೆ! ಮೇಲೆ ಹಿಡಿಕೆ, ತಿರುಗಿಸಿ ಕೂರಿಸುವ ಬಿಗಿ ಮುಚ್ಚಳ, ಒಳಗೆ ಬೆಳ್ಳಗಿನ ಕಲಾಯಿ. ದಿನಾ ಸಂಜೆ ಅಜ್ಜಿ ದೇವರ ನೈವೇದ್ಯಕ್ಕೆ ಹಾಲು ತರುತ್ತಿದ್ದದ್ದು ಅದರಲ್ಲಿ. ನಾವು ಅದನ್ನು ಮುಟ್ಟುವುದಿದ್ದರೂ ಸ್ನಾನ ಮಾಡಿಯೇ ಮುಟ್ಟಬೇಕಿತ್ತು. ನನ್ನ ಮುಖ ನೋಡಿ ಅಕ್ಕ ಸಮಾಧಾನ ಹೇಳಿದಳು. "ಅಜ್ಜಿ ಹಾಲಿಗೆ ಹೋಪದು ಸಂಜೆಗೆ ಅಲ್ದ? ಅದ್ರೊಳಗೆ ತೊಳದು ಇಟ್ರೆ ಆತು. ಗೊತ್ತೇ ಆಗ್ತಿಲ್ಲೆ."

ಹೋಟೆಲಿನಲ್ಲಿ ಅಪ್ಪ ಪಾತ್ರೆ ನೋಡಿದ. ನೋಡಿದ ಕೂಡಲೇ ಗುರುತು ಹಿಡಿದ. "ಇದು ಆಯಿ ಪಾತ್ರೆ ಅಲ್ದನೇ ಕೂಸೆ?" ಎಂದು ಸಣ್ಣ ದನಿಯಲ್ಲಿ ಕೇಳಿದ. ಹೌದೆಂದು ಅಕ್ಕ ತಲೆ ಆಡಿಸಿದಳು. ಮಕ್ಕಳೇ, ಇಲ್ಲಿ ಒಬ್ಬ ಓದಿದ ಮನುಷ್ಯ, ಊರ ಮಕ್ಕಳಿಗೆ ಬುದ್ಧಿ ಹೇಳುವ ಮಾಸ್ತರು, ಆ ಪಾತ್ರೆಯನ್ನು ಹಿಂದಕ್ಕೆ ಕಳಿಸಬಹುದಿತ್ತು. "ಇವತ್ತು ಚಟ್ನಿ ಸಾಕು ಭಟ್ರೆ" ಎಂದು ಶುರು ಮಾಡಿದ್ದೂ ನಿಜ. ಆದರೆ ಭಟ್ಟರು "ಸಾಂಬಾರಿಲ್ದೆ ಎಂತಾ ದೋಸೆ ಮಾಸ್ತರ್ರೆ? ಕೊಡಿ ಇಲ್ಲಿ" ಎಂದು ಅಕ್ಕನ ಕೈಯಿಂದ ಪಾತ್ರೆ ಕಿತ್ತುಕೊಂಡರು. ಕುದಿಯುವ ಸಾಂಬಾರು, ತುಂಬ ನೀರುಳ್ಳಿ ಇದ್ದದ್ದು, ದೇವರ ಹಾಲಿನ ಪಾತ್ರೆಗೆ ಬುಳುಬುಳು ಎಂದು ಇಳಿಯಿತು. ಅಪ್ಪ ಕಣ್ಣು ಬೇರೆ ಕಡೆ ಮಾಡಿದ.

ಮೋರಿಕಟ್ಟೆಯ ಮೇಲೆ ಎಂದಿನಂತೆ ಕೂತೆವು. ಕಲ್ಲು ಬಿಸಿಲಿಗೆ ಹಿತವಾಗಿ ಕಾದಿತ್ತು. ಅಕ್ಕ ಪಾತ್ರೆಯನ್ನು ಕಟ್ಟೆಯ ತುದಿಗೆ ಜೋಪಾನವಾಗಿ ಇಟ್ಟಳು. ಅಪ್ಪ ಪೊಟ್ಟಣದ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ಎಲೆ ಹಾಸಲು ಕಟ್ಟೆಯ ಧೂಳನ್ನು ಊದುತ್ತಿದ್ದ. ಅಷ್ಟರಲ್ಲಿ ಪೇಟೆಯ ಕಡೆಯಿಂದ ಒಂದು ನಾಟಾ ಲಾರಿ ಬಂತು. ಸಿದ್ದಾಪುರದ ಕಡೆಯಿಂದ ಮರದ ದಿಮ್ಮಿಗಳನ್ನು ತುಂಬಿಕೊಂಡು ಹುಬ್ಬಳ್ಳಿಗೆ ಹೋಗುವ ಇಂಥ ಲಾರಿಗಳನ್ನು ನಾವು ದಿನವೂ ನೋಡುತ್ತಿದ್ದೆವು. ದಿಮ್ಮಿಗಳ ಬುಡ ಲಾರಿಯ ಹಿಂದೆ ಮಾರುದ್ದ ಹೊರಗೆ ಚಾಚಿಕೊಂಡಿರುತ್ತಿತ್ತು. ಹಿಂದಿನವರಿಗೆ ಕಾಣಲೆಂದು ತುದಿಗೊಂದು ಕೆಂಪು ಬಟ್ಟೆಯ ಚೂರು. ಲಾರಿ ನಮ್ಮನ್ನು ದಾಟಿ, ಗೋಳಿಡುತ್ತ ಏರು ಹತ್ತಿತು. ಅರ್ಧ ಏರಿ ನಿಂತಿತು.

ಹಾಗೆ ನಿಲ್ಲುವುದೂ ಹೊಸತೇನಲ್ಲ. ನಿಂತಾಗ ಕ್ಲೀನರು ಹಾರಿ ಇಳಿದು ಹಿಂದಿನ ಗಾಲಿಗೆ ಒಂದು ಕಟ್ಟಿಗೆಯ ತುಂಡು ಕೊಡುತ್ತಿದ್ದ. ಡ್ರೈವರು ಉಸಿರು ತೆಗೆದುಕೊಂಡು ಮತ್ತೆ ಹತ್ತಿಸುತ್ತಿದ್ದ. ನಮಗೆ ಅದು ತಿನ್ನುವಾಗ ನೋಡುವ ಆಟ, ನಿಮಗೆ ಟೀವಿ ಇದ್ದ ಹಾಗೆ. ಅವತ್ತು ಕ್ಲೀನರು ಇಳಿದ, ತುಂಡು ಕೊಟ್ಟ. ಗಾಲಿ ಆ ತುಂಡಿನ ಮೇಲೆ ಹತ್ತಿತು, ಇಳಿಯಿತು. ಲಾರಿ ಹಿಂದಕ್ಕೆ ಬರತೊಡಗಿತು.

ಅದು ಮೊದಲು ಎಷ್ಟು ನಿಧಾನವಾಗಿ ಬಂತೆಂದರೆ ಯಾರಿಗೂ ಹೆದರಿಕೆಯೇ ಆಗಲಿಲ್ಲ. ಈ ಭಾಗ ನನ್ನ ತಲೆಯಲ್ಲಿ ಈಗಲೂ ನಿಧಾನವಾಗಿಯೇ ಓಡುತ್ತದೆ. ಆಮೇಲೆ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಓದಿದೆ. ಇಳಿಜಾರಿನ ಮೇಲೆ ಭಾರವಾದ ವಸ್ತು ಹೇಗೆ ವೇಗ ಪಡೆಯುತ್ತದೆ ಎಂದು ಅಲ್ಲಿ ಬೋರ್ಡಿನ ಮೇಲೆ ಬರೆದರು. ಉಳಿದ ಹುಡುಗರು ಸೂತ್ರ ಬರೆದುಕೊಂಡರು. ನನಗೆ ಕಂಡದ್ದು ಹಳದಿ ದಿಮ್ಮಿಗಳ ದುಂಡನೆಯ ಮುಖಗಳು, ಅವುಗಳ ಮೇಲೆ ಅರಣ್ಯ ಡಿಪೋದವರು ಹೊಡೆದ ಗುರುತು, ಮತ್ತು ಅವು ನೋಡುನೋಡುತ್ತ ದೊಡ್ಡವಾಗುತ್ತ ಬಂದದ್ದು. ರಸ್ತೆ ಮೋರಿಯ ಹತ್ತಿರ ತಿರುಗುತ್ತದೆ. ಹಿಂದಕ್ಕೆ ಬರುವ ಲಾರಿ ತಿರುಗುವುದಿಲ್ಲ. ಅದು ನೇರ ನಮ್ಮ ಕಟ್ಟೆಗೇ ಬರಬೇಕು.

"ಗದ್ದೆಗೆ ಹಾರಿ!" ಎಂದ ಅಪ್ಪ. ಹೇಳಿದ್ದಷ್ಟೇ ಅಲ್ಲ, ಒಂದೊಂದು ಕೈಯಲ್ಲಿ ನಮ್ಮಿಬ್ಬರ ರಟ್ಟೆ ಹಿಡಿದು ತಾನೂ ಹಾರಿದ. ಮೂವರೂ ಇಳುಕಲಿನಲ್ಲಿ ಉರುಳಿಕೊಂಡು ಕೂಳೆಯ ಮೇಲೆ ಬಿದ್ದೆವು. ನನ್ನ ಮೊಣಕಾಲು ಕೆತ್ತಿಹೋಯಿತು, ಬಾಯಿಗೆ ಮಣ್ಣು ಬಂತು. ಬದುಕಿದೆವು. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ಲವೆ? ಬುದ್ಧಿ ಇದ್ದವರ ಕಥೆಯಾಗಿದ್ದರೆ ಮುಗಿಯುತ್ತಿತ್ತು.

"ಅಜ್ಜಿ ಪಾತ್ರೆ!" ಎಂದಳು ಅಕ್ಕ.

ಅಪ್ಪನ ಕೈಯಿಂದ ಕೊಸರಿಕೊಂಡು ಅವಳು ಮತ್ತೆ ಇಳುಕಲು ಹತ್ತಿದಳು. ಅಪ್ಪ ಹಿಡಿಯಲು ಹೋಗಿ ಜಾರಿ ಬಿದ್ದ. ಕೆಳಗಿನಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು, ಎರಡು ಜಡೆ ಕಾಣುತ್ತಿದ್ದವು. ಅವಳು ಕಟ್ಟೆಯ ಹಿಂದೆ ಇಳುಕಲಿನ ತಗ್ಗಿನಲ್ಲಿ ನಿಂತು, ತುದಿಗಾಲಲ್ಲಿ ಏರಿ, ಎರಡೂ ಕೈ ಮೇಲೆ ಚಾಚಿ ಪಾತ್ರೆಯ ಹಿಡಿಕೆಯನ್ನು ಹುಡುಕುತ್ತಿದ್ದಳು. ಅವಳ ತಲೆಯ ಮೇಲಿನ ಆಕಾಶಕ್ಕೆ ದಿಮ್ಮಿಗಳ ಬುಡ ಬಂತು. ಬಂದು, ಅವಳನ್ನು ದಾಟಿ ಗದ್ದೆಯ ಮೇಲೆ ಚಾಚಿತು. ಕೆಂಪು ಬಟ್ಟೆಯ ಚೂರು ಅವಳ ಬೈತಲೆಯನ್ನು ಸವರಿಕೊಂಡು ಹೋಯಿತು. ಆಮೇಲೆ ಧಡ್ ಎಂದು ಹಿಂದಿನ ಗಾಲಿ ಕಟ್ಟೆಗೆ ಬಡಿಯಿತು. ಕಟ್ಟೆ ಅದುರಿ ಆಚೆ ತುದಿಯ ಕಲ್ಲುಗಳು ಕಳಚಿ ಗದ್ದೆಗೆ ಉರುಳಿದವು. ಈಚೆ ತುದಿ ನಿಂತಿತು. ಈಚೆ ತುದಿಯಲ್ಲಿ ಅಕ್ಕ ಇದ್ದಳು.

ಯಾವ ತುದಿಯ ಕಲ್ಲು ಕಳಚಬೇಕು ಎಂದು ಯಾರು ತೀರ್ಮಾನ ಮಾಡಿದರು? ಅವಳು ಒಂದು ಗೇಣು ಎತ್ತರ ಇದ್ದಿದ್ದರೆ? ಪಾತ್ರೆಯನ್ನು ಇನ್ನೊಂದು ತುದಿಗೆ ಇಟ್ಟಿದ್ದರೆ? ನಾನು ಮುದುಕನಾದೆ, ಇನ್ನೂ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಕ್ಕ ಇವತ್ತಿಗೂ ಕೇಳಿಕೊಂಡಿಲ್ಲ. ಅವಳು ಇಳುಕಲಿನಲ್ಲಿ ಜಾರಿಕೊಂಡು ಬಂದು ನಮ್ಮ ಮುಂದೆ ನಿಂತಳು. ಕೈಯಲ್ಲಿ ಪಾತ್ರೆ. ಕಲ್ಲಿಗೆ ತಾಗಿ ಅದರ ಹೊಟ್ಟೆ ಒಂದು ಕಡೆ ನೆಗ್ಗಿತ್ತು. ಬಿಗಿ ಮುಚ್ಚಳ ನೋಡಿ, ಒಂದು ತೊಟ್ಟು ಸಾಂಬಾರು ಚೆಲ್ಲಿರಲಿಲ್ಲ. ಅದನ್ನೂ ಅವಳು ಹೆಮ್ಮೆಯಿಂದ ತೋರಿಸಿದಳು!

ಅಪ್ಪನಿಗೆ ಬಾಯಿ ಬಂದಾಗ ಅವನು ಅವಳನ್ನು ಬೈದ. ಅಷ್ಟು ಬೈದದ್ದು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು ಅವನ ಕೈಯ ಕಡೆ ಬೆರಳು ತೋರಿಸಿದಳು. "ನೀನು ದೋಸೆ ಬಿಟ್ಟಿಕ್ಕೆ ಹಾರಿದ್ಯಾ ಅಪ್ಪಾ?" ಅಪ್ಪ ಕೆಳಗೆ ನೋಡಿಕೊಂಡ. ಬಾಳೆನಾರಿನ ಕುಣಿಕೆ ಅವನ ಬೆರಳಿನಲ್ಲೇ ಇತ್ತು. ದೋಸೆಯ ಪೊಟ್ಟಣ ತೂಗಾಡುತ್ತಿತ್ತು.

ಡ್ರೈವರು ಲಾರಿಯಿಂದ ಇಳಿದು ಕಟ್ಟೆಯ ಮೇಲಿಂದ ಇಣುಕಿದ. ಹಾವೇರಿ ಕಡೆಯವನು, ದೊಡ್ಡ ಮೀಸೆಯ ದಪ್ಪ ಆಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕ್ಲೀನರು ಇನ್ನೂ ಏರಿನ ಮೇಲೇ ತಲೆ ಹಿಡಿದುಕೊಂಡು ಕೂತಿದ್ದ. ನಾವು ಮೂವರೂ ನಿಂತಿರುವುದನ್ನು ಕಂಡು ಡ್ರೈವರು ಗದ್ದೆಗೆ ಇಳಿದು ಬಂದ. ಬೀಡಿ ಹಚ್ಚಲು ನೋಡಿದ. ಹಚ್ಚದೆಯೇ ಅದನ್ನು ಕಿವಿಗೆ ಸಿಕ್ಕಿಸಿಕೊಂಡ.

"ಏ ತಂಗಿ, ಆ ಗಿಂಡಿ ಸಲುವಾಗಿ ಜೀವಾ ಕೊಡಾಕ ಹೊಂಟಿದ್ದೇನ ನೀ?" ಎಂದ ಅಕ್ಕನಿಗೆ.

"ಇದು ಅಜ್ಜಿ ಪಾತ್ರೆ" ಎಂದಳು ಅಕ್ಕ.

"ನಿಮ್ಮಜ್ಜಿಗೆ ನಿನಗಿಂತ ಪಾತ್ರಿ ಹೆಚ್ಚಾತೇನ?"

ಅಕ್ಕ ಸ್ವಲ್ಪ ಯೋಚನೆ ಮಾಡಿದಳು. ಅವಳು ಸುಳ್ಳು ಹೇಳುವವಳಲ್ಲ. "ಗೊತ್ತಿಲ್ಲೆ" ಎಂದಳು.

ಡ್ರೈವರು ಅಪ್ಪನ ಕಡೆ ತಿರುಗಿದ. "ನೀವರ ಹೇಳಬಾರದೇನ್ರಿ ಯಜಮಾನ್ರ, ಹುಡುಗರಿಗೆ?"

"ನಿಮ್ಮ ಬ್ರೇಕಿಗೆ ಯಾರು ಹೇಳೋದು?" ಎಂದ ಅಪ್ಪ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಳೆಯ ಮೇಲೇ ಕೂತರು. ಆಮೇಲೆ ಅಪ್ಪ ಬೆರಳಿನಿಂದ ಪೊಟ್ಟಣ ಬಿಡಿಸಿ ಅವನ ಮುಂದೆ ಇಟ್ಟ. "ತಿನ್ನಿ" ಎಂದ. "ನೀವು?" ಎಂದ ಅವನು. ಅಪ್ಪ ಪೊಟ್ಟಣವನ್ನು ಇನ್ನಷ್ಟು ಅವನ ಕಡೆ ತಳ್ಳಿದ. ಅಕ್ಕ ಮುಚ್ಚಳ ತಿರುಗಿಸಿ ಸಾಂಬಾರು ಬಡಿಸಿದಳು. ಡ್ರೈವರೂ, ಕೆಳಗೆ ಬಂದ ಕ್ಲೀನರೂ ಸೇರಿ ನಮ್ಮ ದೋಸೆಯನ್ನು ಪೂರ್ತಿ ತಿಂದರು. ಖಾರಕ್ಕೋ ಮತ್ತೆ ಯಾತಕ್ಕೋ ಡ್ರೈವರಿನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ನನಗೆ ಹಸಿವಾಗಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಇಷ್ಟೆಲ್ಲ ರಾದ್ಧಾಂತ ಯಾವ ದೋಸೆಗಾಗಿ ನಡೆಯಿತೋ ಆ ದೋಸೆಯ ಒಂದು ಚೂರೂ ನಮ್ಮ ಬಾಯಿಗೆ ಬರಲಿಲ್ಲ.

ಅಲ್ಲಿಂದ ಏರು ಹತ್ತಿದೆವು. ಲಾರಿಗೆ ಹೆದರದ ಅಕ್ಕ ಈಗ ಪಾತ್ರೆಯ ನೆಗ್ಗನ್ನು ಹೆಬ್ಬೆರಳಿನಿಂದ ಒಳಗಿಂದ ಒತ್ತುತ್ತ, ಮೂಸುತ್ತ, ಮತ್ತೆ ಒತ್ತುತ್ತ ಬರುತ್ತಿದ್ದಳು. ಇಂಗು, ನೀರುಳ್ಳಿ ಎರಡೂ ಕಲಾಯಿಗೆ ಹತ್ತಿಕೊಂಡಿದ್ದವು. ನಾವು ಅರ್ಧ ಏರಿರಲಿಲ್ಲ, ಎದುರಿಗೆ ಅಜ್ಜಿ ಬರುವುದು ಕಂಡಿತು.

ಅಜ್ಜಿ ಆ ಹೊತ್ತಿಗೆ ರಸ್ತೆಗೆ ಬರುವವಳೇ ಅಲ್ಲ. ಶನಿವಾರ ಅವಳಿಗೆ ಒಪ್ಪತ್ತು. ಮಧ್ಯಾಹ್ನ ಊಟ ಮುಗಿಸಿ ಜಗುಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಯಾರೋ ದಾರಿಹೋಕರು ಲಾರಿ ಮೋರಿಕಟ್ಟೆಗೆ ಬಡಿದ ಸುದ್ದಿ ಹೇಳಿದ್ದರು. ಯಾರು ಬದುಕಿದರು ಎಂದು ಹೇಳಲು ಅವರಿಗೆ ಪುರುಸೊತ್ತು ಇರಲಿಲ್ಲ. ಅಜ್ಜಿ ಬರಿಗಾಲಲ್ಲಿ ಬರುತ್ತಿದ್ದಳು. ಸೆರಗಿಗೆ ಹತ್ತಿ ಅಂಟಿಕೊಂಡಿತ್ತು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿದಳು, ಅಪ್ಪನನ್ನೂ. ಆಮೇಲೆ ಅವಳ ಕಣ್ಣು ಪಾತ್ರೆಯ ಮೇಲೆ ಬಿತ್ತು.

ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಲ್ಯೂಮಿನಿಯಂ ತೂತು, ಲಾರಿ, ಹಾರಿದ್ದು, ತಿರುಗಿ ಹೋದದ್ದು. "ಬಿಟ್ಟಿಕ್ಕೆ ಬತ್ತಿದ್ದೆ ಅಜ್ಜಿ, ಆದ್ರೆ ನಿಂಗೆ ಸಂಜೆಗೆ ಬೇಕಲಿ ಹೇಳಿ ತಂದೆ" ಎಂದು ಪಾತ್ರೆಯನ್ನು ಮುಂದೆ ಹಿಡಿದಳು.

ಅಜ್ಜಿ ಅದನ್ನು ತೆಗೆದುಕೊಂಡಳು. ಮುಚ್ಚಳ ತೆಗೆದು ಮೂಸಿದಳು. ಮತ್ತೆ ಎರಡೂ ಕೈಯಲ್ಲಿ ಎತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ, ರಸ್ತೆಯಾಚೆಯ ಕೊರಕಲಿಗೆ ಎಸೆದುಬಿಟ್ಟಳು. ಪಾತ್ರೆ ಠಣ್ ಠಣ್ ಎಂದು ಕಲ್ಲಿನಿಂದ ಕಲ್ಲಿಗೆ ಹಾರಿ ಲಂಟಾನದ ಒಳಗೆ ಎಲ್ಲೋ ನಿಂತಿತು. ನಂಬುತ್ತೀರೋ ಬಿಡುತ್ತೀರೋ, ಅಕ್ಕ ಅದರ ಹಿಂದೆ ಓಡಲು ಹೊರಟಳು! ಅಜ್ಜಿ ಅವಳ ಜಡೆಯನ್ನು ಹಿಡಿದು ಎಳೆದಳು.

"ಬಿದ್ದದ್ದು ಬಿದ್ದಲ್ಲೇ ಇರ್ಲಿ!"

ಅಷ್ಟು ದೊಡ್ಡ ದನಿ ಅಜ್ಜಿಗೆ ಇದೆ ಎಂಬುದು ನಮಗೆ ಗೊತ್ತಿರಲಿಲ್ಲ. ಜಡೆ ಹಿಡಿದ ಕೈಯನ್ನು ಅವಳು ಮನೆ ಮುಟ್ಟುವ ತನಕ ಬಿಡಲಿಲ್ಲ. ಅಂಗಳದಲ್ಲಿ ನಿಂತು ಅಪ್ಪನ ಕಡೆ ತಿರುಗಿದಳು. "ಮನೆಲಿ ಕೂತ್ಕಂ ತಿಂದಿದ್ರೆ ಎಂತ ಆಗ್ತಿತ್ತ ನಿಂಗೆ? ಮಕ್ಕಳ ಕಟ್ಕಂಡು ರಸ್ತೆಲಿ ಕೂತ್ಕಂಬ್ದನ?"

ಅಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ನೀನೇ ಅಲ್ದನೇ ಆಯಿ, ಹೋಟ್ಲು ತಿಂಡಿ ಹೊಸಿಲು ದಾಟಿ ಒಳಗೆ ತಪ್ಪಲಾಗ ಹೇಳಿದ್ದು?"

"ಆನು ಸಾವಿರ ಹೇಳ್ತೆ. ನಿಂಗೆ ಬುದ್ಧಿ ಬ್ಯಾಡ್ದ?"

ಅಪ್ಪ ಬಚ್ಚಲಮನೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡ.

ಮುಂದಿನ ಶನಿವಾರ ದೋಸೆಯ ಪೊಟ್ಟಣ ನಮ್ಮ ಜಗುಲಿಗೆ ಬಂತು. ಹೊಸಿಲು ದಾಟಲಿಲ್ಲ, ಅದರ ತೀರಾ ಹತ್ತಿರ ಬಂತು. ನಾವು ಹೊಸಿಲಿನ ಈಚೆ ಕೂತೆವು, ಅಜ್ಜಿ ಆಚೆ ಕೂತಳು. ಅವಳು ತಿನ್ನಲಿಲ್ಲ, ಸಾಯುವ ತನಕ ತಿನ್ನಲಿಲ್ಲ. ಆದರೆ ಅಕ್ಕನ ಎಲೆಯ ಕಡೆ ಬಗ್ಗಿ ನೋಡಿ, "ಗರಿಗರಿ ಇದ್ದನೇ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಸಾಂಬಾರು ಬಂದದ್ದು ಯಾವುದರಲ್ಲಿ ಎಂದುಕೊಂಡಿರಿ? ಅದೇ ನೆಗ್ಗಿದ ಹಿತ್ತಾಳೆ ಪಾತ್ರೆಯಲ್ಲಿ. ಯಾರಿಗೂ ಹೇಳದೆ ಅಕ್ಕ ಅದನ್ನು ಕೊರಕಲಿನಿಂದ ತಂದು, ಹುಣಸೆಹಣ್ಣು ಹಚ್ಚಿ ಬೆಳಗಿ, ಬಚ್ಚಲಮನೆಯ ಮೊಳೆಗೆ ನೇತುಹಾಕಿದ್ದಳು. ಲಂಟಾನದ ಗೀರುಗಳು ಅವಳ ಕೈ ತುಂಬ ಇದ್ದವು. ಅಜ್ಜಿ ಅದನ್ನೂ ನೋಡಿದಳು. ಕೇಳಲಿಲ್ಲ.

ಬಾವಿ ಹೋಟೆಲು ಈಗಿಲ್ಲ. ಭಟ್ಟರಿಗೆ ಮಂಡಿನೋವು ಬಂದು ಕಾವಲಿಯ ಮುಂದೆ ನಿಲ್ಲಲಾಗದೆ ಮುಚ್ಚಿದರು. ಬಾವಿಗೆ ಸ್ಲ್ಯಾಬು ಹಾಕಿ ಅದರ ಮೇಲೆ ಮೊಬೈಲ್ ಅಂಗಡಿ ಮಾಡಿದ್ದಾರೆ. ನಿಮ್ಮ ಅಪ್ಪ ಚಿಕ್ಕವನಿದ್ದಾಗ ಅದೇ ಸಾಲಿನಲ್ಲಿ ಒಂದು ಬೇಕರಿ ಇತ್ತು. ಶಿರಸಿಗೆ ಮೊದಲು ಪಿಜ್ಜಾ ತಂದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅಗಲದ ಬನ್ನಿಗೆ ಸಾಸು ಸವರಿ, ಎಲೆಕೋಸು, ದೊಣ್ಣಮೆಣಸು ಹರಡಿ, ಮೇಲೊಂದಿಷ್ಟು ಚೀಸು ತುರಿದು ಬ್ರೆಡ್ಡು ಸುಡುವ ಒಲೆಗೇ ತಳ್ಳುವುದು. ಸಿಹಿಸಿಹಿಯಾಗಿ ಇರುತ್ತಿತ್ತು. ನಿಮ್ಮ ಅಪ್ಪ ಅದಕ್ಕಾಗಿ ಹಟ ಮಾಡಿ ನೆಲದ ಮೇಲೆ ಹೊರಳಿದ್ದಾನೆ. ಅದೂ ಮುಚ್ಚಿಹೋಯಿತು. ನಿಮ್ಮ ಪಿಜ್ಜಾ ತಿನ್ನುವಾಗಲೆಲ್ಲ ಅವನು "ಆ ಬೇಕರಿದು ಬೇರೇನೇ ಇತ್ತು" ಎನ್ನುತ್ತಾನಲ್ಲ, ಅದು ಇದೇ ಬೇಕರಿ. ಮೋರಿಕಟ್ಟೆಯೂ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಉಳಿದಿರುವುದು ಅಕ್ಕ ಮತ್ತು ಪಾತ್ರೆ. ಮದುವೆಯಾಗಿ ಮತ್ತಿಘಟ್ಟಕ್ಕೆ ಹೋಗುವಾಗ ಅವಳು ಅದನ್ನು ಬಿಡದೆ ಒಯ್ದಳು. ನೀವು ರಜೆಯಲ್ಲಿ ಹೋದಾಗ ಮಜ್ಜಿಗೆ ಕೊಡುತ್ತಾಳಲ್ಲ, ಹೊಟ್ಟೆ ನೆಗ್ಗಿದ ಪಾತ್ರೆಯಿಂದ? ಅದೇ.

ನಿಮ್ಮ ಕಾಲ ಎಷ್ಟು ಸುಲಭ ನೋಡಿ. ತಿಂಡಿ ತಾನಾಗಿ ಗೇಟಿಗೆ ಬರುತ್ತದೆ. ಪಾತ್ರೆ ಒಯ್ಯುವುದಿಲ್ಲ, ಬೆಳಗುವುದಿಲ್ಲ. ತಿಂದ ಮೇಲೆ ಡಬ್ಬಿಯನ್ನು ಎಸೆಯುತ್ತೀರಿ, ಚಮಚವನ್ನೂ ಎಸೆಯುತ್ತೀರಿ. ನೀರುಳ್ಳಿ ಇದೆಯೆ ಎಂದು ಮೂಸುವವರಿಲ್ಲ. ಹೊಸಿಲು, ಜಗುಲಿ, ಯಾವುದರ ಗೊಡವೆಯೂ ಇಲ್ಲದೆ ಹಾಸಿಗೆಯ ಮೇಲೆ ಕೂತು ತಿನ್ನುತ್ತೀರಿ, ನಾನು ಸುಮ್ಮನೆ ನೋಡುತ್ತೇನೆ. ಇಷ್ಟೆಲ್ಲ ಬದಲಾದರೂ, ಬಿದ್ದದ್ದನ್ನು ಹೆಕ್ಕಲು ತಿರುಗಿ ಓಡುವ ಹುಡುಗಿ ಮಾತ್ರ ನಮ್ಮ ಮನೆಯಲ್ಲಿ ಒಬ್ಬಳು ಇದ್ದೇ ಇರುತ್ತಾಳೆ ಎಂದು ಕಾಣುತ್ತದೆ. ಇನ್ನು ಮೇಲೆ ಪಿಜ್ಜಾ ತರಲು ರಸ್ತೆ ದಾಟುವವನು ನಾನು. ನಗುವುದಿದ್ದರೆ ಗೇಟಿನ ಒಳಗೆ ನಿಂತು ನಗಿ.

ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಮತ್ತಿಘಟ್ಟಕ್ಕೆ ಫೋನ್ ಮಾಡಿದೆ. ಟಿಪ್ಪರು, ಧೂಳು, ಚಿಕ್ಕವಳು ತಿರುಗಿ ಓಡಿದ್ದು, ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಇವಳಿಗಾದರೂ ಅರ್ಥವಾದೀತು, ಇವಳಾದರೂ ಅಜ್ಜಿಯ ಹಾಗೆ ಒಮ್ಮೆ ಕೂಗಿಯಾಳು ಎಂದು ಕಾದೆ.

"ಅಂತೂ ಪೊಟ್ಟಣ ಸಿಕ್ತ, ಇಲ್ಯ?" ಎಂದಳು ಅಕ್ಕ.

ಸಿಕ್ಕಿದೆ. ಫ್ರಿಜ್ಜಿನ ಮೇಲೆ ಹಾಗೇ ಬಿದ್ದಿದೆ, ಒಡೆದೂ ಇಲ್ಲ. ನಿಮ್ಮಿಬ್ಬರಿಗೂ ಖಾರ ಆಗುವುದಿಲ್ಲವಲ್ಲ!